ಎಚ್.ಎಫ್. ಮಾರಿ ದೇವಣಿ ಕಟ್ಟಿದರೆ ಗಂಟು ರೋಗ ತಪ್ಪುತ್ತದಾ?

ಪ್ರಶ್ನೆ: ನಮ್ಮದು ಭಾಲ್ಕಿ ತಾಲೂಕು, ಕಾರಂಜಾ ಹಿನ್ನೀರಿನ ಕಡೆಯ ಊರು. ನಾಲ್ಕು ಎಚ್.ಎಫ್. ಕ್ರಾಸ್ ಆಕಳು, ಎರಡು ದೇವಣಿ ಇದ್ದವು. ಗಂಟು ರೋಗ ಬಂದಾಗ ಎಚ್.ಎಫ್.ನಲ್ಲಿ ಮೂರಕ್ಕೆ ಮೈತುಂಬ ಗಂಟು ಎದ್ದವು, ಒಂದು ಸತ್ತೇ ಹೋಯಿತು. ಅದೇ ಕೊಟ್ಟಿಗೆಯಲ್ಲಿದ್ದ ದೇವಣಿಗೆ ಏನೂ ಆಗಲಿಲ್ಲ. ಈಗ ಮನೆಯಲ್ಲಿ ಎಲ್ಲರೂ ಎಚ್.ಎಫ್. ಮಾರಿ ಬರೀ ದೇವಣಿ ಕಟ್ಟು ಅಂತಾರೆ. ದೇಸಿ ದನಕ್ಕೆ ವೈರಸ್ ರೋಗ ತಗಲುವುದೇ ಇಲ್ಲವಾ? ರೋಗ ಬಾರದ ಹೋರಿಯ ಸೀಮನ್ ಎಲ್ಲಾದರೂ ಸಿಗುತ್ತದಾ? ಅಮೆರಿಕದಲ್ಲಿ ಜೀನ್ ಬದಲಾಯಿಸಿ ರೋಗ ಬಾರದ ಕರು ಹುಟ್ಟಿಸಿದ್ದಾರೆ ಅಂತ ವಾಟ್ಸ್ಯಾಪ್‌ನಲ್ಲಿ ಬಂದಿತ್ತು. ಅದು ನಿಜವಾ, ಡಾಕ್ಟರ್ ಸಾಹೇಬ್ರೆ?

ಉತ್ತರ: ನಮಸ್ಕಾರ್ರಿ. ಮೊದಲು ಒಂದು ಮಾತು. ಉಳಿದ ಮೂರು ಎಚ್.ಎಫ್. ಆಕಳುಗಳನ್ನು ಈ ಕಾರಣಕ್ಕಾಗಿ ಮಾರಬೇಡಿ. ಬೇರೆ ಕಾರಣ ಇದ್ದರೆ, ಮೇವು ಸಾಲುತ್ತಿಲ್ಲ, ನೋಡಿಕೊಳ್ಳುವವರಿಲ್ಲ ಅಂತಿದ್ದರೆ, ಅದು ನಿಮ್ಮ ಮನೆ ಲೆಕ್ಕ. ಆದರೆ ರೋಗಕ್ಕೆ ಹೆದರಿ ಗಂಟು ರೋಗ ಬಂದು ವಾಸಿಯಾದ ಆಕಳನ್ನು ಮಾರುವುದು ನಷ್ಟದ ವ್ಯಾಪಾರ. ಒಮ್ಮೆ ಈ ರೋಗದಿಂದ ಎದ್ದ ದನಕ್ಕೆ ಅದರ ವಿರುದ್ಧ ಒಳ್ಳೆಯ ಶಕ್ತಿ ಬಂದಿರುತ್ತದೆ. ಅಂಥದ್ದನ್ನು ಕೊಟ್ಟು, ಸಂತೆಯಿಂದ ಯಾವ ಊರಿನದೋ ಗೊತ್ತಿಲ್ಲದ ದನ ತಂದು ಕಟ್ಟಿದರೆ ರೋಗವನ್ನು ನೀವೇ ಮನೆಗೆ ಕರೆದುಕೊಂಡು ಬಂದಂತೆ ಆಗಬಹುದು.

ಈಗ ನೀವು ಕಣ್ಣಾರೆ ಕಂಡದ್ದರ ಬಗ್ಗೆ. ಎಚ್.ಎಫ್.ಗೆ ಬಂತು, ದೇವಣಿಗೆ ಬರಲಿಲ್ಲ. ಇದು ಸುಳ್ಳಲ್ಲ. ಬೀದರ, ಕಲಬುರಗಿ ಎರಡೂ ಕಡೆ ರೈತರು ಇದನ್ನೇ ಹೇಳುತ್ತಾರೆ. ಆದರೆ ಆರು ದನಗಳನ್ನು ನೋಡಿ ತಳಿಯ ಬಗ್ಗೆ ತೀರ್ಮಾನ ಮಾಡಲು ಆಗುವುದಿಲ್ಲ. ಯಾಕೆ ಅಂತ ಒಂದು ಪ್ರಯೋಗ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಪಿರ್‌ಬ್ರೈಟ್ ಅಂತ ಒಂದು ಸಂಸ್ಥೆ ಇದೆ, ದನಗಳ ವೈರಸ್ ರೋಗಗಳ ಮೇಲೆ ಕೆಲಸ ಮಾಡುವುದರಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರು. ಅಲ್ಲಿಯವರು ಎಂಟು ಹೋಲ್‌ಸ್ಟೈನ್ ಫ್ರೀಸಿಯನ್, ಅಂದರೆ ಎಚ್.ಎಫ್., ಕರುಗಳಿಗೆ ಗಂಟು ರೋಗದ ವೈರಸ್ಸನ್ನು ಒಂದೇ ರೀತಿ ಇಂಜೆಕ್ಷನ್ ಕೊಟ್ಟು ನೋಡಿದರು. ಎಲ್ಲವೂ ಒಂದೇ ತಳಿ. ಕೊಟ್ಟ ವೈರಸ್ಸೂ ಒಂದೇ. ಗಂಟು ಎದ್ದದ್ದು ಮೂರಕ್ಕೆ ಮಾತ್ರ. ಉಳಿದ ಐದಕ್ಕೆ ಮೈ ಮೇಲೆ ಏನೂ ಕಾಣಲಿಲ್ಲ. ಅಂದರೆ ಶುದ್ಧ ಎಚ್.ಎಫ್. ಒಳಗೇ ಇಷ್ಟು ವ್ಯತ್ಯಾಸ. ನಿಮ್ಮ ಮನೆಯಲ್ಲೂ ನಾಲ್ಕನೆಯ ಎಚ್.ಎಫ್.ಗೆ ಏನೂ ಆಗಲಿಲ್ಲ ಅಲ್ವಾ? ಅದರ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ನನಗೆ ಕುತೂಹಲ ಹುಟ್ಟಿಸಿದ ಆಕಳು ಅದೇ. ಅದರ ಕಡೆಗೆ ಆಮೇಲೆ ಬರುತ್ತೇನೆ.

ದೇವಣಿಗೆ ಬರದೇ ಇರಲು ತಳಿ ಬಿಟ್ಟು ಬೇರೆ ಕಾರಣಗಳೂ ಇರಬಹುದು. ಹಗಲೆಲ್ಲ ಮೇಯಲು ಹೊರಗೆ ಹೋಗುವ ದನ, ಕೊಟ್ಟಿಗೆಯಲ್ಲೇ ಸಗಣಿ ಗಂಜಲದ ನಡುವೆ ನಿಲ್ಲುವ ದನ, ಎರಡಕ್ಕೂ ಕಚ್ಚುವ ನೊಣ ಒಂದೇ ಅಲ್ಲ. ದಿನಕ್ಕೆ ಹದಿನೈದು ಲೀಟರ್ ಹಾಲು ಕೊಡುವ ಆಕಳ ಮೈ ಯಾವಾಗಲೂ ದಣಿದಿರುತ್ತದೆ. ನಮ್ಮ ಕಡೆಯ 42, 43 ಡಿಗ್ರಿ ಬೇಸಿಗೆ ಕಳೆದು ಮಳೆಗಾಲಕ್ಕೆ ಬರುವ ಹೊತ್ತಿಗೆ ಎಚ್.ಎಫ್. ಸೊರಗಿರುತ್ತದೆ, ದೇವಣಿ ಸೊರಗಿರುವುದಿಲ್ಲ. ಇನ್ನು ಹಿಂದೊಮ್ಮೆ ನಿಮಗೆ ತಿಳಿಯದಂತೆ ಸಣ್ಣದಾಗಿ ಬಂದು ಹೋಗಿದ್ದರೂ ಈ ಸಲ ಬೀಳುವುದಿಲ್ಲ.

ಹಾಗಂತ ದೇಸಿ ತಳಿಗೆ ಏನೂ ವಿಶೇಷ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಡುಬ್ಬ ಇರುವ ದನಗಳಿಗೆ ಉಣ್ಣಿ ಹತ್ತುವುದು ಕಡಿಮೆ, ಇದು ಎಷ್ಟೋ ದೇಶಗಳಲ್ಲಿ ನೋಡಿ ಖಚಿತವಾದ ವಿಷಯ, ಮತ್ತು ಈ ಗುಣ ತಾಯಿ ತಂದೆಯಿಂದ ಕರುವಿಗೆ ಚೆನ್ನಾಗಿ ಇಳಿಯುತ್ತದೆ. ಗಂಟು ರೋಗದ ವೈರಸ್ ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳಿಂದ. ಹಾಗಾಗಿ ಕಚ್ಚಿಸಿಕೊಳ್ಳದ ದನಕ್ಕೆ ರೋಗ ಬರುವ ದಾರಿಯೇ ಕಡಿಮೆ. ಆಫ್ರಿಕಾದಲ್ಲಿ 1929ರಲ್ಲಿ ಜಾಂಬಿಯಾದಲ್ಲಿ ಈ ರೋಗ ಮೊದಲು ಕಂಡಾಗಿನಿಂದ ಇವತ್ತಿನವರೆಗೆ ಯುರೋಪಿನ ತೆಳು ಚರ್ಮದ ತಳಿಗಳು ಅಲ್ಲಿನ ನಾಡ ದನಗಳಿಗಿಂತ ಜಾಸ್ತಿ ನರಳುತ್ತವೆ ಅನ್ನುವುದೂ ಬಹಳ ಜನ ಬರೆದ ವಿಷಯ.

ಆದರೆ 2022ನ್ನು ಮರೆಯಬೇಡಿ. ಆ ವರ್ಷ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನ ಗಂಟು ರೋಗಕ್ಕೆ ಸತ್ತವು. ಹತ್ತಿರ ಅರ್ಧ ರಾಜಸ್ಥಾನ ಒಂದರಲ್ಲೇ. ಅಲ್ಲಿ ಸತ್ತವು ಬರೀ ಕ್ರಾಸ್ ದನಗಳಲ್ಲ. ರಾಠಿ, ಥಾರ್‌ಪಾರ್ಕರ್ ತರಹದ ಮರಳುಗಾಡಿನ ಗಟ್ಟಿ ದೇಸಿ ದನಗಳಿರುವ ನಾಡು ಅದು, ಗೋಶಾಲೆಗಳಲ್ಲಿ ಅವೇ ಸಾಲಾಗಿ ಬಿದ್ದವು. ದೇಸಿ ಅಂದ ಮಾತ್ರಕ್ಕೆ ವೈರಸ್ ಬಿಟ್ಟು ಹೋಗುವುದಿಲ್ಲ. ದೇವಣಿ ಕಟ್ಟಿದೆ, ಇನ್ನು ಲಸಿಕೆ ಬೇಡ ಅಂತ ಕೂತರೆ ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ಎಮ್ಮೆಯ ವಿಷಯ ಬೇರೆ, ಎಮ್ಮೆಗೆ ಈ ರೋಗ ತಗಲುವುದು ಆಕಳಿಗಿಂತ ಬಹಳ ಕಡಿಮೆ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ.

"ರೋಗ ಬಾರದ ದನ" ಅಂತ ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಅದರಲ್ಲಿ ಮೂರು ಬೇರೆ ಬೇರೆ ಗುಣ ಸೇರಿಕೊಂಡಿವೆ. ವೈರಸ್ ಮೈಗೆ ಬಂದರೂ ಒಳಗೆ ಬೇರೂರಲು ಬಿಡದೇ ಇರುವುದು ಒಂದು. ಬೇರೂರಿದರೂ ತಾಳಿಕೊಂಡು, ಹಾಲು ಇಳಿಸದೆ, ಮೇವು ಬಿಡದೆ ಇರುವುದು ಇನ್ನೊಂದು. ತನಗೆ ಬಂದದ್ದನ್ನು ಪಕ್ಕದ ದನಕ್ಕೆ ದಾಟಿಸದೇ ಇರುವುದು ಮೂರನೆಯದು. ಈ ಮೂರಕ್ಕೂ ಜೀನ್ ಬೇರೆ ಇರಬಹುದು. ಒಂದು ಆಕಳಲ್ಲಿ ಒಂದು ಗುಣ ಇದ್ದು ಇನ್ನೊಂದು ಇಲ್ಲದೇ ಇರಬಹುದು. ರೈತರಿಗೆ ಕಣ್ಣಿಗೆ ಕಾಣುವುದು ಎರಡನೆಯದು ಮಾತ್ರ, ಬಿತ್ತೋ ಬೀಳಲಿಲ್ಲವೋ ಅಷ್ಟೇ. ಆದರೆ ಊರಿಗೆ ಊರೇ ಉಳಿಯಬೇಕೆಂದರೆ ಬೇಕಾದದ್ದು ಮೂರನೆಯದು.

ಕಾಲು ಬಾಯಿ ಜ್ವರ ತಗೊಳ್ಳಿ. ಆ ರೋಗದಲ್ಲಿ ಬಾಯಲ್ಲಿ ಹುಣ್ಣು ಕಾಣುವ ಮೊದಲೇ ಹಾಲಲ್ಲಿ, ಜೊಲ್ಲಲ್ಲಿ, ಉಸಿರಲ್ಲಿ ವೈರಸ್ ಹೊರಗೆ ಬರಲು ಶುರುವಾಗುತ್ತದೆ. ನಮ್ಮ ದೇಸಿ ದನಕ್ಕೆ ಅದು ಬಂದರೂ ಎಷ್ಟೋ ಸಲ ಸಣ್ಣ ಹುಣ್ಣು, ಎರಡು ದಿನ ಮಂಕು, ಮತ್ತೆ ಎದ್ದು ಮೇಯುತ್ತದೆ. ಮಾಲೀಕ ಏನೂ ಆಗಿಲ್ಲ ಅಂತ ಅದನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾನೆ. ಅಲ್ಲಿಂದ ಎಚ್.ಎಫ್.ಗೆ ಹತ್ತಿದರೆ ಅದು ಮಲಗಿಬಿಡುತ್ತದೆ. ಅಂದರೆ ತಾಳಿಕೊಳ್ಳುವ ದನ ತಾನು ಗಟ್ಟಿ, ಆದರೆ ಪಕ್ಕದ ಮನೆಯವರಿಗೆ ಅದೇ ಅಪಾಯ. ಇಂಥ ಗುಣವನ್ನು ಮಾತ್ರ ಹುಡುಕಿ ತಳಿ ಬೆಳೆಸಿದರೆ ಊರಿನಲ್ಲಿ ರೋಗ ಕಡಿಮೆ ಆಗುವುದಿಲ್ಲ, ಕಣ್ಣಿಗೆ ಕಾಣದಂತೆ ಸುತ್ತುತ್ತಿರುತ್ತದೆ.

ಗಂಟು ರೋಗದಲ್ಲಿ ಹಾಗಲ್ಲ, ಇದು ನಮಗೆ ಸಮಾಧಾನದ ಸುದ್ದಿ. ಆಗ ಹೇಳಿದ ಪಿರ್‌ಬ್ರೈಟ್ ಪ್ರಯೋಗದಲ್ಲೇ ಸೊಳ್ಳೆ, ಕಚ್ಚುವ ನೊಣ, ಸಣ್ಣ ನುಸಿಗಳನ್ನು ಆ ಕರುಗಳ ಮೇಲೆ ಬಿಟ್ಟು ರಕ್ತ ಕುಡಿಸಿ, ಎಷ್ಟು ಕೀಟಕ್ಕೆ ವೈರಸ್ ಹತ್ತಿತು ಅಂತ ನೋಡಿದರು. ಗಂಟು ಎದ್ದ ಕರುವನ್ನು ಕಚ್ಚಿದ ಕೀಟಗಳಲ್ಲಿ ನೂರಕ್ಕೆ ಸುಮಾರು 23ಕ್ಕೆ ವೈರಸ್ ಹತ್ತಿತ್ತು. ಗಂಟು ಏಳದ ಕರುವಿನಿಂದ ನೂರಕ್ಕೆ ಒಂದಕ್ಕೂ ಹತ್ತಿರಲಿಲ್ಲ. ಕಾರಣ ಸರಳ, ವೈರಸ್ ತುಂಬಿ ಕೂತಿರುವುದೇ ಆ ಗಂಟಿನ ಚರ್ಮದಲ್ಲಿ. ಹಾಗಾಗಿ ಈ ರೋಗದಲ್ಲಿ ಬೀಳದ ದನ ಹರಡುವುದೂ ಬಹಳ ಕಡಿಮೆ. ನಿಮ್ಮ ಮನೆಯ ಎರಡು ದೇವಣಿ ಮತ್ತು ಆ ನಾಲ್ಕನೆಯ ಎಚ್.ಎಫ್., ಇವು ಉಳಿದದ್ದು ತಳಿಗುಣದಿಂದಲೇ ಆಗಿದ್ದರೆ, ಅದು ನಿಮಗೆ ಮಾತ್ರ ಅಲ್ಲ, ನಿಮ್ಮ ಓಣಿಗೇ ಲಾಭ.

ಹರಡದೇ ಇರುವ ಗುಣವನ್ನು ಜೀನ್ ಮಟ್ಟದಲ್ಲಿ ಗುರುತಿಸಿ ಕೊಟ್ಟಿಗೆಯಲ್ಲಿ ಪರೀಕ್ಷೆ ಮಾಡಿದ ಒಂದು ರೋಗ ಇದೆ. ನಮ್ಮಲ್ಲಿ ಹೆಚ್ಚು ಹೆಸರು ಕೇಳಿರುವುದಿಲ್ಲ. ಬೋವೈನ್ ಲ್ಯುಕೇಮಿಯಾ ವೈರಸ್, ಬಿ.ಎಲ್.ವಿ. ಅಂತಾರೆ. ಅಮೆರಿಕ, ಜಪಾನ್, ಅರ್ಜೆಂಟೀನಾದ ಡೇರಿಗಳಲ್ಲಿ ಇದು ದೊಡ್ಡ ತಲೆನೋವು. ಅಮೆರಿಕದಲ್ಲಿ 2007ರ ಸರ್ಕಾರಿ ಸಮೀಕ್ಷೆಯಲ್ಲೇ ನೂರಕ್ಕೆ 80ಕ್ಕಿಂತ ಜಾಸ್ತಿ ಡೇರಿಗಳಲ್ಲಿ ಸಿಕ್ಕಿತ್ತು. ಇದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ಒಂದೇ ಸೂಜಿ ಹತ್ತು ದನಕ್ಕೆ ಚುಚ್ಚುವುದು, ಕೊಂಬು ಕೊಯ್ಯುವಾಗ ಅದೇ ಸಾಮಾನು ಬಳಸುವುದು, ಗಬ್ಬ ನೋಡುವಾಗ ಅದೇ ಕೈಗವಸು ಹಾಕಿಕೊಂಡು ಮುಂದಿನ ಆಕಳಿಗೆ ಹೋಗುವುದು, ಇವೇ ದಾರಿಗಳು. ತಗಲಿದ ಹೆಚ್ಚಿನ ಆಕಳಿಗೆ ಜೀವನಪೂರ್ತಿ ಏನೂ ಕಾಣುವುದಿಲ್ಲ, ನೂರರಲ್ಲಿ ಐದಕ್ಕಿಂತ ಕಡಿಮೆಗೆ ಗಡ್ಡೆ ಕ್ಯಾನ್ಸರ್ ಆಗುತ್ತದೆ. ಆದರೆ ವೈರಸ್ ಮಾತ್ರ ಸಾಯುವವರೆಗೆ ಮೈಯಲ್ಲೇ ಇರುತ್ತದೆ.

ಇದರಲ್ಲಿ ಏನು ಕಂಡಿತೆಂದರೆ, ತಗಲಿದ ಆಕಳುಗಳಲ್ಲಿ ಕೆಲವಕ್ಕೆ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತದೆ, ಕೆಲವಕ್ಕೆ ಹುಡುಕಿದರೂ ಸಿಗದಷ್ಟು ಕಡಿಮೆ. ಈ ವ್ಯತ್ಯಾಸದ ದೊಡ್ಡ ಪಾಲು ಬಿ.ಒ.ಎಲ್.ಎ. ಡಿ.ಆರ್.ಬಿ.3 ಅನ್ನುವ ಒಂದು ಜೀನ್‌ನಲ್ಲಿದೆ. ವೈರಸ್ಸಿನ ತುಣುಕನ್ನು ಹಿಡಿದು ಮೈಯ ಕಾವಲು ಕಣಗಳಿಗೆ ತೋರಿಸುವ ಪ್ರೋಟೀನನ್ನು ಮಾಡುವ ಜೀನ್ ಅದು. ಅದರಲ್ಲಿ 300ಕ್ಕೂ ಹೆಚ್ಚು ರೂಪಗಳಿವೆ. 009:02 ಅಂತ ಗುರುತು ಕೊಟ್ಟ ರೂಪ ಇರುವ ಆಕಳಲ್ಲಿ ವೈರಸ್ ಬಹಳ ಕಡಿಮೆ ಇರುತ್ತದೆ, ತಾಯಿಯಿಂದಲೋ ತಂದೆಯಿಂದಲೋ ಒಂದೇ ಪ್ರತಿ ಬಂದಿದ್ದರೂ ಸಾಕು. 016:01 ರೂಪ ಇರುವ ಆಕಳಲ್ಲಿ ವೈರಸ್ ಜಾಸ್ತಿ. ಅರ್ಜೆಂಟೀನಾದ ವಿಜ್ಞಾನಿಗಳು ವೈರಸ್ ತಗಲಿದ್ದರೂ ರಕ್ತದಲ್ಲಿ ಕಡಿಮೆ ಇರುವ ಇಂಥ ಆಕಳುಗಳನ್ನು ರೋಗವಿಲ್ಲದ ಆಕಳುಗಳ ಜೊತೆ ತಿಂಗಳುಗಟ್ಟಲೆ ಒಟ್ಟಿಗೆ ಬಿಟ್ಟು ನೋಡಿದರು. ಹಿಂಡಿನಲ್ಲಿ ಎಂದಿನಂತೆ ಹಾಲು ಕರೆಯುವುದು, ಮೇಯಿಸುವುದು ಎಲ್ಲ ನಡೆಯಿತು. ಅವುಗಳಿಂದ ಯಾವುದಕ್ಕೂ ಹರಡಲಿಲ್ಲ. 2016ರಲ್ಲಿ ಅದನ್ನು ಪ್ರಕಟಿಸಿದರು. ಈಗ ಅಲ್ಲಿ ಮತ್ತು ಜಪಾನಿನಲ್ಲಿ ವೈರಸ್ ತುಂಬಿದ ಆಕಳನ್ನು ಮೊದಲು ತೆಗೆದು, ಈ ಒಳ್ಳೆಯ ರೂಪದ ಆಕಳನ್ನು ಉಳಿಸಿಕೊಂಡು ಹೋಗುವ ಮಾತು ನಡೆಯುತ್ತಿದೆ. ಎಲ್ಲಾ ರೋಗಿ ದನಗಳನ್ನೂ ಒಮ್ಮೆಗೇ ತೆಗೆದುಹಾಕುವುದಕ್ಕಿಂತ ಇದು ರೈತನಿಗೆ ಎಷ್ಟೋ ಹಗುರ.

ನನಗೆ ಈ ಕೆಲಸದ ಮೇಲೆ ತುಂಬಾ ಭರವಸೆ ಇದೆ. ಯಾಕೆಂದರೆ ಎಲ್ಲಾ ದನವೂ ಗಟ್ಟಿ ಆಗಬೇಕಿಲ್ಲ ಅಂತ ಇದು ತೋರಿಸುತ್ತದೆ. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಕಣಿಕೆ ಬಣವೆಗಳನ್ನು ಒತ್ತೊತ್ತಾಗಿ ಒಟ್ಟಿದರೆ ಒಂದಕ್ಕೆ ಬಿದ್ದ ಬೆಂಕಿ ಎಲ್ಲಕ್ಕೂ ಹೋಗುತ್ತದೆ, ನಡುನಡುವೆ ಹಸಿ ಮೇವಿನ ರಾಶಿ ಇದ್ದರೆ ಅಲ್ಲಲ್ಲೇ ಆರುತ್ತದೆ. ಹರಡದ ದನ ಆ ಹಸಿ ರಾಶಿ. ಲೆಕ್ಕವೂ ಇದೆ. ಒಂದು ರೋಗಿ ದನ ಸರಾಸರಿ ನಾಲ್ಕು ದನಕ್ಕೆ ಹರಡುವ ರೋಗ ಅಂತಿಟ್ಟುಕೊಳ್ಳಿ. ಊರಿನಲ್ಲಿ ನಾಲ್ಕರಲ್ಲಿ ಮೂರು ದನ ಲಸಿಕೆಯಿಂದಲೋ ತಳಿಗುಣದಿಂದಲೋ ಹಿಡಿಸಿಕೊಳ್ಳದಂತಾದರೆ ಆ ಒಂದು ದನ ಹರಡುವುದು ಒಂದಕ್ಕೆ ಮಾತ್ರ, ಅಲ್ಲಿಂದ ಸ್ವಲ್ಪ ಕಡಿಮೆಯಾದರೂ ರೋಗ ತಾನೇ ನಿಂತುಹೋಗುತ್ತದೆ. ಉಳಿದ ಕಾಲು ಭಾಗ ದನ ಏನೂ ಶಕ್ತಿ ಇಲ್ಲದಿದ್ದರೂ ಬದುಕಿಕೊಳ್ಳುತ್ತವೆ. ಲಸಿಕೆ ಮತ್ತು ತಳಿಗುಣ ಎರಡೂ ಈ ಮುಕ್ಕಾಲನ್ನು ತುಂಬಲು ಜೊತೆಗೂಡುತ್ತವೆ. ಇದು ಅಥವಾ ಅದು ಅಂತ ಆರಿಸುವ ವಿಷಯ ಅಲ್ಲ ಇದು.

ಹಾಗಾದರೆ ರೋಗ ಬಾರದ ಹೋರಿಯ ಸೀಮನ್? ಗಂಟು ರೋಗಕ್ಕೆ, ಕಾಲು ಬಾಯಿ ಜ್ವರಕ್ಕೆ ಅಂಥ ಸೀಮನ್ ಇವತ್ತು ಎಲ್ಲೂ ಇಲ್ಲ. ಯಾರಾದರೂ ಸ್ಟ್ರಾ (ಸೀಮನ್ ತುಂಬಿದ ಸಣ್ಣ ಕೊಳವೆ) ತೋರಿಸಿ "ಇದು ಗಂಟು ರೋಗ ಬಾರದ ಹೋರಿದು" ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಬಿ.ಎಲ್.ವಿ.ಯಲ್ಲಿ ಸಿಕ್ಕಂತೆ ಒಂದೇ ಜೀನ್‌ನಲ್ಲಿ ಇಷ್ಟು ದೊಡ್ಡ ಪಾಲು ಸಿಗುವುದು ಅಪರೂಪ. ಹೆಚ್ಚಿನ ರೋಗಗಳಲ್ಲಿ ನೂರಾರು ಜೀನ್‌ಗಳದ್ದು ಚೂರು ಚೂರು ಪಾಲಿರುತ್ತದೆ. ತಾಯಿಯ ಹಾಲಿನ ಇಳುವರಿ ಮಗಳಿಗೆ ಇಳಿಯುವಷ್ಟು ಸುಲಭವಾಗಿ ರೋಗ ತಡೆಯುವ ಗುಣ ಇಳಿಯುವುದಿಲ್ಲ. ಮೇಲಾಗಿ ಒಂದು ರೋಗಕ್ಕೆ ಒಳ್ಳೆಯದಾದ ರೂಪ ಇನ್ನೊಂದು ರೋಗಕ್ಕೂ ಒಳ್ಳೆಯದಾಗಬೇಕೆಂದಿಲ್ಲ. ಡಿ.ಆರ್.ಬಿ.3ಯಲ್ಲಿ ಅಷ್ಟೊಂದು ರೂಪಗಳು ಉಳಿದುಕೊಂಡು ಬಂದಿರುವುದೇ ಅದಕ್ಕೆ. ಬೇರೆ ಬೇರೆ ರೋಗಕ್ಕೆ ಬೇರೆ ಬೇರೆ ರೂಪ ಬೇಕು.

ಒಂದೇ ಹೋರಿಯ ಹಿಂದೆ ಎಲ್ಲರೂ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎಚ್.ಎಫ್. ತಳಿಯಲ್ಲೇ ಒಂದು ಪಾಠ ಇದೆ. ಓಸ್ಬೋರ್ನ್‌ಡೇಲ್ ಐವನ್‌ಹೋ ಅಂತ ಅಮೆರಿಕದ ಒಂದು ಹೋರಿ, ಅದರ ಮಕ್ಕಳು ಹಾಲಿಗೆ ಬಹಳ ಹೆಸರುವಾಸಿ. ಅದರ ವಂಶದ ಸೀಮನ್ ಜಗತ್ತೆಲ್ಲ ಹೋಯಿತು. ಅದರಲ್ಲಿ ಒಂದು ಕೆಟ್ಟ ಜೀನ್ ಇತ್ತು. ಎರಡೂ ಕಡೆಯಿಂದ ಆ ಜೀನ್ ಬಂದ ಕರುವಿನ ಬಿಳಿ ರಕ್ತಕಣಗಳು ರಕ್ತನಾಳ ದಾಟಿ ಸೋಂಕಿನ ಜಾಗಕ್ಕೆ ಹೋಗಲಾರವು, ಕರು ಒಂದಾದ ಮೇಲೊಂದು ಸೋಂಕಿನಿಂದ ನರಳಿ ಸಾಯುತ್ತದೆ. ಬಿ.ಎಲ್.ಎ.ಡಿ. ಅಂತ ಅದರ ಹೆಸರು. 1990ರ ದಶಕದ ಮೊದಲಲ್ಲಿ ಪರೀಕ್ಷೆ ಬಂದಾಗ ನೋಡಿದರೆ, ಅಮೆರಿಕದ ಒಳ್ಳೊಳ್ಳೆಯ ಹೋರಿಗಳಲ್ಲಿ ನೂರಕ್ಕೆ ಸುಮಾರು 14 ಆ ಜೀನನ್ನು ಹೊತ್ತಿದ್ದವು. ಈಗ ನಮ್ಮ ದೇಶದ ಸೀಮನ್ ಕೇಂದ್ರಗಳಲ್ಲಿ ಎಚ್.ಎಫ್. ಹೋರಿಗಳಿಗೆ ಈ ಪರೀಕ್ಷೆ ಮಾಡಲೇಬೇಕು. ಸೀಮನ್ ಮೂಲಕ ಹೋಗುವ ಐ.ಬಿ.ಆರ್. ತರಹದ ವೈರಸ್‌ಗಳಿಗೂ ಪರೀಕ್ಷೆ ಇದೆ. ಅದಕ್ಕೇ ಹೇಳುವುದು, ಊರಲ್ಲಿ ಯಾರೋ ಸಾಕಿದ ಹೋರಿಗೆ ಬಿಡಿಸುವುದಕ್ಕಿಂತ ಪರೀಕ್ಷೆ ಆದ ಸೀಮನ್ ಹಾಕಿಸುವುದು ಒಳ್ಳೆಯದು.

ಅಮೆರಿಕದ ಕರುವಿನ ಸುದ್ದಿ ನಿಜ. ಅದರ ಹೆಸರು ಜಿಂಜರ್. 2021ರ ಜುಲೈನಲ್ಲಿ ಹುಟ್ಟಿತು, 2023ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು. ನಿಮಗೆ ಖುಷಿಯಾಗುವ ಸಂಗತಿ ಏನೆಂದರೆ ಅದು ನಮ್ಮ ಗೀರ್ ತಳಿಯ ಕರು. ಬಿ.ವಿ.ಡಿ. ಅಂತ ಇನ್ನೊಂದು ವೈರಸ್ ರೋಗ ಇದೆ. ತಾಯಿ ಗಬ್ಬ ಇದ್ದ ಮೊದಲ ತಿಂಗಳುಗಳಲ್ಲಿ ತಗಲಿದರೆ ಹುಟ್ಟುವ ಕರು ಬದುಕಿರುವಷ್ಟು ದಿನ ವೈರಸ್ ಸುರಿಸುತ್ತಲೇ ಇರುತ್ತದೆ, ಅಂಥ ಒಂದು ಕರು ಸಾಕು ಹಿಂಡಿಗೇ ಹಚ್ಚಲು. ಈ ವೈರಸ್ ಆಕಳಿನ ಜೀವಕೋಶದೊಳಗೆ ಹೋಗಲು ಸಿ.ಡಿ.46 ಅನ್ನುವ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ವಿಜ್ಞಾನಿಗಳು ಆ ಪ್ರೋಟೀನಿನಲ್ಲಿ ಆರೇ ಆರು ಅಮೈನೋ ಆಮ್ಲಗಳನ್ನು ಬದಲಾಯಿಸಿದರು. ಆಮೇಲೆ ಜಿಂಜರ್‌ನ್ನು ವೈರಸ್ ಸುರಿಸುವ ಕರುವಿನ ಜೊತೆ ಒಂದು ವಾರ ಇಟ್ಟರು. ಲಕ್ಷಣಗಳು ಬಹಳ ಕಡಿಮೆ ಇದ್ದವು, ಬಿಳಿ ರಕ್ತಕಣಗಳಲ್ಲಿ ವೈರಸ್ ಸಿಗಲಿಲ್ಲ.

ದೊಡ್ಡ ಕೆಲಸ ಅದು, ಸಂಶಯವಿಲ್ಲ. ಆದರೆ ಅದು ಒಂದೇ ಒಂದು ಕರು, ಮತ್ತು ಬೇರೆ ರೋಗ. ಗಂಟು ರೋಗದ ವೈರಸ್ ಸಿಡುಬಿನ ಜಾತಿಯದು, ಸುಮಾರು 156 ಜೀನ್ ಇರುವ ದೊಡ್ಡ ವೈರಸ್, ಒಂದೇ ಬಾಗಿಲಿಗೆ ಬೀಗ ಹಾಕಿದರೆ ನಿಲ್ಲುವಂಥದ್ದಲ್ಲ. ಹಾಗಾಗಿ ಈ ದಾರಿಯಿಂದ ಗಂಟು ರೋಗಕ್ಕೆ ಬೇಗ ಪರಿಹಾರ ಬರುತ್ತದೆ ಅಂತ ನಾನು ಹೇಳಲಾರೆ. ಹಂದಿಗಳಲ್ಲಿ ಪಿ.ಆರ್.ಆರ್.ಎಸ್. ಅನ್ನುವ ವೈರಸ್ ರೋಗ ಬಾರದಂತೆ ಜೀನ್ ತಿದ್ದಿದ ತಳಿಗೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಆಕಳಿನ ವಿಷಯದಲ್ಲಿ ನಿಮ್ಮ ಕೊಟ್ಟಿಗೆಯವರೆಗೆ ಬರಲು ಇನ್ನೂ ಬಹಳ ಸಮಯ ಬೇಕು.

ಹಾಗಾದರೆ ನಾವೇನು ಮಾಡುವುದು? ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ವಿಷಯ ಇಲ್ಲಿದೆ. ಗಂಟು ರೋಗ ಬಂದಾಗ ನಮ್ಮ ಕಡೆ ಒಂದೇ ಕೊಟ್ಟಿಗೆಯಲ್ಲಿ ಬಿದ್ದ ದನ, ಬೀಳದ ದನ ಪಕ್ಕಪಕ್ಕ ನಿಂತಿದ್ದವು. ಯಾವುದು ಬಿತ್ತು, ಯಾವುದು ಉಳಿಯಿತು, ಅದರ ತಾಯಿ ಯಾವುದು, ಯಾವ ಹೋರಿಯ ಮಗಳು, ಲಸಿಕೆ ಆಗಿತ್ತಾ ಇಲ್ಲವಾ, ಇಷ್ಟನ್ನು ಬರೆದಿಟ್ಟ ಮನೆಗಳು ಎಷ್ಟು? ಹಾಲಿನ ಲೆಕ್ಕ ಡೇರಿ ಪುಸ್ತಕದಲ್ಲಿ ದಿನಾ ಬರೆಯುತ್ತೇವೆ, ವಂಶದ ಲೆಕ್ಕ ಬರೆಯುವುದಿಲ್ಲ. ದೇವಣಿಯಲ್ಲಿ ನಿಜವಾಗಿ ಏನಿದೆ ಅಂತ ತಿಳಿಯಬೇಕಾದರೆ ಬೇಕಾದ ಮೊದಲ ವಸ್ತು ಇದೇ. ಬೀದರದಲ್ಲೇ ಪಶು ವಿಶ್ವವಿದ್ಯಾಲಯ ಇದೆ, ಕಟ್ಟಿ ತೂಗಾಂವ್‌ನಲ್ಲಿ ದೇವಣಿಗಾಗಿಯೇ ಕೇಂದ್ರ ಇದೆ. 2024ರ ಅಕ್ಟೋಬರ್‌ನಲ್ಲಿ ವಾಶಿಮ್‌ನಲ್ಲಿ ಬಿಡುಗಡೆಯಾದ ಗೌ ಚಿಪ್ ಇದೆ, ಅದರಿಂದ ನಮ್ಮ ದೇಸಿ ದನಗಳ ಜೀನ್ ಗುರುತುಗಳನ್ನು ಒಂದೇ ಸಲ ಓದಬಹುದು. ಆದರೆ ಚಿಪ್ ಓದುವುದು ಜೀನ್ ಮಾತ್ರ. ಆ ದನ ರೋಗದಲ್ಲಿ ಹೇಗಿತ್ತು ಅಂತ ಹೇಳಬೇಕಾದವರು ಸಾಕಿದವರು. ಎರಡೂ ಸೇರಿದರೆ ಮಾತ್ರ ಯಾವ ಗುರುತು ಕೆಲಸದ್ದು ಅಂತ ತಿಳಿಯುತ್ತದೆ.

ಅದಕ್ಕೆ ಕಿವಿಯಲ್ಲಿರುವ ಹಳದಿ ಬಿಲ್ಲೆಯನ್ನು ಕಿತ್ತು ಹಾಕಬೇಡಿ. ಅದರ ಮೇಲಿನ 12 ಅಂಕಿಯೇ ಆ ಆಕಳಿನ ಗುರುತು. ಭಾರತ್ ಪಶುಧನ್ ಆ್ಯಪ್‌ನಲ್ಲಿ ಲಸಿಕೆ, ಸೀಮನ್, ಚಿಕಿತ್ಸೆ ಎಲ್ಲಾ ಆ ಅಂಕಿಯ ಮೇಲೇ ಏರುತ್ತದೆ. ಸೀಮನ್ ಹಾಕಲು ಬಂದವರಿಗೆ ಸ್ಟ್ರಾ ಮೇಲಿನ ಹೋರಿ ನಂಬರ್ ಕೇಳಿ. ಅವರು ಬರೆದುಕೊಂಡರೆ ಸಾಲದು, ನೀವೂ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಜ್ವರ ಬಂದ ದಿನ, ಗಂಟು ಎಷ್ಟು, ಹಾಲು ಎಷ್ಟು ಇಳಿಯಿತು, ಎಷ್ಟು ದಿನಕ್ಕೆ ಮೊದಲಿನಂತಾಯಿತು, ಇಷ್ಟು ಸಾಕು.

ಈಗ ಆ ನಾಲ್ಕನೆಯ ಎಚ್.ಎಫ್. ಬಗ್ಗೆ. ಹಾಲು ಚೆನ್ನಾಗಿದ್ದು, ಕಾಲು ಕೆಚ್ಚಲು ಗಟ್ಟಿಯಿದ್ದು, ವರ್ಷ ವರ್ಷ ಗಬ್ಬ ನಿಲ್ಲುತ್ತಿದ್ದರೆ ಅದರ ಹೆಣ್ಣು ಕರುಗಳನ್ನು ಯಾವುದೇ ಬೆಲೆಗೂ ಮಾರಬೇಡಿ. ಒಂದು ಸಲ ಉಳಿದದ್ದು ಅದೃಷ್ಟವೂ ಇರಬಹುದು. ಅದರ ಎರಡು ಮೂರು ಹೆಣ್ಣು ಮಕ್ಕಳೂ ಹಾಗೇ ಉಳಿದರೆ ಆಗ ಅದರಲ್ಲಿ ಏನೋ ಇದೆ ಅನ್ನಬಹುದು. ಎಚ್.ಎಫ್. ರಕ್ತ ಅರ್ಧದಿಂದ ನೂರಕ್ಕೆ 62ರವರೆಗೆ ಇದ್ದರೆ ನಮ್ಮ ಬಿಸಿಲಿಗೆ ಸಾಕು, ಪ್ರತಿ ಸೂಲಿಗೂ ಶುದ್ಧ ಎಚ್.ಎಫ್. ಸೀಮನ್ನೇ ಹಾಕಿಸುತ್ತಾ ಹೋದರೆ ಮೂರನೇ ತಲೆಮಾರಿಗೆ ಬೇಸಿಗೆ ತಡೆಯದ ಆಕಳು ಕೈಗೆ ಬರುತ್ತದೆ. ಹಾಗೆ ಜಾಸ್ತಿ ಆಗಿದ್ದರೆ ಕ್ರಾಸ್ ಹೋರಿಯ ಸೀಮನ್ ಕೇಳಿ. ದೇವಣಿಗೆ ಮಾತ್ರ ದೇವಣಿಯದೇ ಹಾಕಿಸಿ, ದಯವಿಟ್ಟು ಅದನ್ನು ಕ್ರಾಸ್ ಮಾಡಿಸಬೇಡಿ. ಲಾತೂರು, ನಾಂದೇಡ, ಬೀದರದ ಈ ಸೀಮೆ ಬಿಟ್ಟರೆ ಆ ತಳಿ ಬೇರೆಲ್ಲಿ ಇದೆ ಹೇಳಿ. ನಾಳೆ ಅದರ ಜೀನ್ ಬೇಕಾದಾಗ ಶುದ್ಧ ದನವೇ ಉಳಿದಿರಬೇಕು. ದೇವಣಿ ಹೆಚ್ಚು ಮಾಡಬೇಕೆಂದರೆ ನಿಮ್ಮಲ್ಲಿರುವ ಎರಡರಿಂದಲೇ ಬೆಳೆಸಿ, ನಿಧಾನ ಆದರೂ ಅವು ನಿಮ್ಮ ಕಣ್ಣೆದುರು ರೋಗ ದಾಟಿದ ದನಗಳು.

ತಳಿಯ ಫಲ ಕೈಗೆ ಬರಲು ವರ್ಷಗಳು ಬೇಕು. ಕರು ಹುಟ್ಟಿ, ಕಡಸು ಆಗಿ, ಗಬ್ಬವಾಗಿ ಈಯುವ ಹೊತ್ತಿಗೆ ಎಚ್.ಎಫ್. ಕ್ರಾಸ್‌ನಲ್ಲೇ ಎರಡೂವರೆ ಮೂರು ವರ್ಷ, ದೇವಣಿಯಲ್ಲಿ ಇನ್ನೂ ಜಾಸ್ತಿ. ಅಲ್ಲಿಯವರೆಗೆ ಕಾಯುವುದು ಲಸಿಕೆ. ಗಂಟು ರೋಗಕ್ಕೆ ಈಗಿನವರೆಗೆ ಹೆಚ್ಚಾಗಿ ಕೊಡುತ್ತಿರುವುದು ಮೇಕೆ ಸಿಡುಬಿನ ಲಸಿಕೆ, ವೈರಸ್ ಹತ್ತಿರದ ಸಂಬಂಧಿ ಆದ್ದರಿಂದ ಅದು ಕೆಲಸ ಮಾಡುತ್ತದೆ. ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದವರು ಇಜ್ಜತ್‌ನಗರದ ಪಶು ಸಂಶೋಧನಾ ಸಂಸ್ಥೆ ಐ.ವಿ.ಆರ್.ಐ. ಜೊತೆ ಸೇರಿ 2022ರಲ್ಲಿ ಗಂಟು ರೋಗದ ವೈರಸ್ಸಿನಿಂದಲೇ ಲಸಿಕೆ ಮಾಡಿದರು. ಅದರಿಂದ ಬಂದ ಲಸಿಕೆಗೆ, ನಮ್ಮ ಮಾಲೂರಿನ ಕಂಪನಿಯದು, 2025ರ ಫೆಬ್ರವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಯಾವುದು ಸಿಕ್ಕರೂ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲೇ ಹಾಕಿಸಿ, ಶಕ್ತಿ ಬರಲು ಎರಡು ಮೂರು ವಾರ ಬೇಕು. ದೇವಣಿಗೂ ಹಾಕಿಸಿ. ಕಾಲು ಬಾಯಿ ಜ್ವರದ್ದು ಆರು ತಿಂಗಳಿಗೊಮ್ಮೆ, ಅದು ಸರ್ಕಾರದಿಂದ ಉಚಿತ.

ಲಸಿಕೆ ಹಾಕುವಾಗ ಒಂದು ದನಕ್ಕೆ ಒಂದು ಸೂಜಿ ಅಂತ ಕೇಳಿ. ಸೂಜಿ ಕಡಿಮೆ ಇದೆ ಅಂದರೆ ನೀವೇ ಮೆಡಿಕಲ್ ಅಂಗಡಿಯಿಂದ ತಂದುಕೊಡಿ, ನಾಲ್ಕು ರೂಪಾಯಿ ಸೂಜಿಗೆ ಸಾವಿರಾರು ರೂಪಾಯಿಯ ಆಕಳನ್ನು ಪಣಕ್ಕಿಡುವುದು ಬೇಡ. ಕಚ್ಚುವ ನೊಣ ಮೊಟ್ಟೆ ಇಡುವುದು ಸಗಣಿ, ಗಂಜಲ, ಬಿದ್ದ ಮೇವು ಕಲೆತು ಕೊಳೆಯುವ ಹಸಿ ಜಾಗದಲ್ಲಿ. ಎರೆ ಮಣ್ಣಿನ ಊರು ನಿಮ್ಮದು, ಮಳೆಗಾಲದಲ್ಲಿ ಕೊಟ್ಟಿಗೆ ಮುಂದೆ ರಾಡಿ ಆಗೇ ಆಗುತ್ತದೆ. ಅಲ್ಲಿ ಮುರುಮ್ ಹಾಕಿ ಏರಿಸಿ, ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಮಾಡಿ, ಗೋದಲಿ ಕೆಳಗೆ ಬಿದ್ದ ತೊಗರಿ ಹೊಟ್ಟು ದಿನಾ ಗುಡಿಸಿ ತೆಗೆಯಿರಿ. ಗಂಟು ಎದ್ದ ದನವನ್ನು ಮೊದಲ ದಿನವೇ ಬೇರೆ ಕಟ್ಟಿ ಮೇಲೆ ಸೊಳ್ಳೆ ಪರದೆ ಹಾಕಿದರೆ, ಆಗ ಹೇಳಿದ ಆ 23 ಕೀಟಗಳನ್ನು ಅಲ್ಲೇ ನಿಲ್ಲಿಸಿದಂತೆ. ಒಣಗಿ ಬಿದ್ದ ಚರ್ಮದ ಹೊಪ್ಪಳೆಯಲ್ಲೂ ವೈರಸ್ ಒಂದು ತಿಂಗಳವರೆಗೆ ಬದುಕುತ್ತದೆ, ಗುಡಿಸಿ ಸುಟ್ಟುಬಿಡಿ. ಈ ರೋಗ ಮನುಷ್ಯರಿಗೆ ಬರುವುದಿಲ್ಲ, ಹಾಲು ಕಾಯಿಸಿ ಕುಡಿಯಬಹುದು. ತುರ್ತು ಇದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆಸ್ಪತ್ರೆಯ ಗಾಡಿ ಮನೆಗೇ ಬರುತ್ತದೆ.

ಸತ್ತ ಆಕಳಿನ ಹೆಣ್ಣು ಕರು ಮನೆಯಲ್ಲಿದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಅದಕ್ಕೆ ನಾಲ್ಕು ತಿಂಗಳು ತುಂಬಿದ ಕೂಡಲೇ ಮೊದಲ ಲಸಿಕೆ ಹಾಕಿಸಿ, ಮತ್ತು ಉಳಿದ ದನಗಳ ಬಿಲ್ಲೆ ನಂಬರ್, ಯಾವುದು ಬಿತ್ತು ಯಾವುದು ಬೀಳಲಿಲ್ಲ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿ. ಯಾವ ಆಕಳಿಗೆ ಯಾವ ಹೋರಿ ಅಂತ ಕೂತು ನೋಡೋಣ.